ಮಗ್ಗುಲು ಬದಲಿಸುವ ಮುನ್ನ

ಹೋದ ವರ್ಷದ ಜೂಡೊ ಸ್ಪರ್ಧೆಯಲ್ಲಿ ನಾನು ಎರಡನೆಯ ನಿಮಿಷಕ್ಕೇ ಸೋತೆ. ಸೋಲು ನನಗೆ ಹೊಸದಲ್ಲ. ಆದರೆ ಆ ಸಲ ಸೋತ ರೀತಿ ವರ್ಷವಿಡೀ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಎದುರಾಳಿ ಬೇರೆ ಕ್ಲಬ್ಬಿನವಳು, ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವಳು. ನಮ್ಮ ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಬೇಕರಿ ಎಂದೇ ಕರೆಯುತ್ತಾರೆ. ನಾನು ಅಂಗಾತ ಬಿದ್ದಿದ್ದೆ, ಅವಳು ನನ್ನ ಮೇಲಿದ್ದಳು. ಅವಳ ಒಂದು ಕೈ ನನ್ನ ಕೊರಳಪಟ್ಟಿಯೊಳಗೆ ಹೋಗಿತ್ತು, ಆದರೆ ಇನ್ನೂ ಬಿಗಿದಿರಲಿಲ್ಲ. ನನ್ನ ಎಡಗೈ ಅವಳ ಭುಜದ ಹಿಂದಿತ್ತು, ಬಲಗೈ ಸೊಂಟದ ಬೆಲ್ಟಿನ ಮೇಲಿತ್ತು. ಅವಳ ಭಾರವೆಲ್ಲ ಒಂದು ಕಡೆಗೆ ವಾಲಿತ್ತು. ಕಾಲು ಊರಿ ಎತ್ತಿ ಹೊರಳಿಸಿದರೆ ನಾನು ಮೇಲೆ, ಅವಳು ಕೆಳಗೆ. ಅದು ನನಗೆ ಗೊತ್ತಿತ್ತು. ಹೊರಳಿಸಲು ಉಸಿರು ಎಳೆದುಕೊಂಡೆ. ಆಗ ನನ್ನ ಎಡ ಅಂಗೈ ಅವಳ ಬೆನ್ನಿನ ಮೇಲೆ ಎರಡು ಸಲ ತಟ್ಟಿತು.

ರೆಫರಿ ಪಂದ್ಯ ನಿಲ್ಲಿಸಿ ಅವಳ ಕಡೆಗೆ ಕೈ ತೋರಿಸಿದರು.

ಜೂಡೊದಲ್ಲಿ ಕತ್ತು ಬಿಗಿದಾಗಲೋ ಕೈ ಮುರಿಯುವ ಹಾಗಾದಾಗಲೋ ಬಾಯಿ ಬಿಟ್ಟು ಹೇಳಲು ಆಗುವುದಿಲ್ಲ. ಎದುರಾಳಿಯ ಮೈಮೇಲೆ ಅಥವಾ ಚಾಪೆಯ ಮೇಲೆ ತಟ್ಟಬೇಕು. ತಟ್ಟಿದರೆ ಸೋಲು ಒಪ್ಪಿದ ಹಾಗೆ. ತಟ್ಟಿದ ಮೇಲೆ ಮಾತಿಲ್ಲ.

ನಾನು ಯಾಕೆ ತಟ್ಟಿದೆ ಎಂದು ಅರ್ಥವಾಗಲು ಎರಡು ದಿನ ಬೇಕಾಯಿತು. ನಾನು ಆಸ್ಪತ್ರೆಯಲ್ಲಿ, ಹಾಸಿಗೆ ಹಿಡಿದವರ ವಾರ್ಡಿನಲ್ಲಿ ಸಹಾಯಕಿ. ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಬೆನ್ನು ಹುಣ್ಣಾಗುತ್ತದೆ, ಅದಕ್ಕೆ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರನ್ನೂ ಹೊರಳಿಸಬೇಕು. ಒಂದು ಕೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹಿರಿಯ ಸಿಸ್ಟರ್ ಹೇಳಿದ್ದರು, "ಗೊತ್ತು ಮಾಡದೆ ಯಾರನ್ನೂ ತಿರುಗಿಸಬೇಡ. ಮಲಗಿದವರಿಗೆ ಬೀಳೋ ಭಯ ನಿಂತವರಿಗಿಂತ ಜಾಸ್ತಿ. ಎರಡು ಸಲ ತಟ್ಟು, ಒಂದು ಉಸಿರು ನಿಲ್ಲು, ಆಮೇಲೆ ತಿರುಗಿಸು." ಹನ್ನೆರಡು ಮಂಚ, ಪಾಳಿಗೆ ನಾಲ್ಕು ಸಲ, ಆರು ವರ್ಷ. ಕೈ ಭುಜದ ಮೇಲೆ ಹೋದರೆ ಸಾಕು, ಅದೇ ತಟ್ಟುತ್ತದೆ. ನನ್ನನ್ನು ಕೇಳುವುದಿಲ್ಲ.

ಇದನ್ನು ನಮ್ಮ ಮೇಷ್ಟ್ರಿಗೆ ಹೇಳಿದೆ. ಮೇಷ್ಟ್ರು ಹಗಲು ಬೀಗ ರಿಪೇರಿ, ನಕಲಿ ಕೀಲಿ ಮಾಡುವ ಅಂಗಡಿ ನಡೆಸುತ್ತಾರೆ, ಸಂಜೆ ನಮಗೆ ಜೂಡೊ ಕಲಿಸುತ್ತಾರೆ. ಅವರು ಪೂರ್ತಿ ಕೇಳಿಸಿಕೊಂಡು, "ಇರಬಹುದು" ಎಂದರು. ಅಷ್ಟೇ. ಅವರು ನಂಬಲಿಲ್ಲ ಎಂದು ನನಗೆ ಕೋಪ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಕೊರಳಪಟ್ಟಿಯೊಳಗೆ ಅವಳ ಕೈ ಬಂದಾಗ ನಾನು ಹೆದರಿದ್ದೆ. ಅದು ಸುಳ್ಳಲ್ಲ. ಹೊರಳಿಸಲು ತಟ್ಟಿದ್ದೇ ನಿಜವೋ, ಹೆದರಿ ತಟ್ಟಿ ಆಮೇಲೆ ಈ ಕತೆ ಕಟ್ಟಿಕೊಂಡೆನೋ? ಸೋತವರು ಎಷ್ಟು ಚೆನ್ನಾಗಿ ಕತೆ ಕಟ್ಟುತ್ತಾರೆ ಎಂಬುದನ್ನು ನಾನೂ ಬಟ್ಟೆ ಬದಲಿಸುವ ಕೋಣೆಯಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಈ ವರ್ಷ ಇನ್ನೊಂದು ಸಲ ನೋಡುವುದು, ಮತ್ತೆ ಕೈ ತಟ್ಟಿದರೆ ಜೂಡೊ ಬಿಟ್ಟುಬಿಡುವುದು ಎಂದು ತೀರ್ಮಾನಿಸಿದೆ. ಯಾರಿಗೂ ಹೇಳಲಿಲ್ಲ. ಗೆಲ್ಲಬೇಕೆಂಬ ಆಸೆ ಇರಲಿಲ್ಲ ಎಂದಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಹೆದರಿ ಬಿಟ್ಟುಕೊಡುವವಳೋ ಅಲ್ಲವೋ ಎಂಬುದು ಗೊತ್ತಾಗಬೇಕಿತ್ತು.

ಸ್ಪರ್ಧೆಗೆ ಆರು ವಾರ ಇರುವಾಗ ಚೀಟಿ ಎತ್ತಿದರು. ಮೊದಲ ಸುತ್ತಿನಲ್ಲೇ ಬೇಕರಿ.

"ಒಳ್ಳೇದಾಯ್ತು ಬಿಡು," ಎಂದಳು ನನ್ನ ಜೊತೆ ಅಭ್ಯಾಸ ಮಾಡುವವಳು. ಅವಳು ಬಸ್ ಕಂಡಕ್ಟರ್. ಮೈಕೈ ಎಲ್ಲ ಗಟ್ಟಿ, ಬಾಯಿ ಇನ್ನೂ ಗಟ್ಟಿ. "ಕೊನೆ ಸುತ್ತಿನವರೆಗೂ ಅವಳಿಗೆ ಕಾಯ್ತಾ ಕೂತಿರೋದು ತಪ್ಪಿತು."

"ನನಗೆ ಭಯ ಆಗ್ತಿದೆ."

"ಈಗಲೇನಾ? ಇನ್ನೂ ಆರು ವಾರ ಇದೆ ಕಣೇ. ಸ್ವಲ್ಪ ಉಳಿಸ್ಕೋ."

ಆ ಸಂಜೆಯಿಂದ ಮೇಷ್ಟ್ರು ನನಗೆ ಬೇರೆ ಪಾಠ ಶುರು ಮಾಡಿದರು. ಎಲ್ಲರೂ ಹೋದ ಮೇಲೆ ಹತ್ತು ನಿಮಿಷ ಚಾಪೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರಬೇಕು. ಪಂದ್ಯವನ್ನು ತಲೆಯೊಳಗೆ ಆಡಬೇಕು. ರೆಫರಿಯ ಕೂಗಿನಿಂದಲ್ಲ, ಚಪ್ಪಲಿ ಬಿಡುವಲ್ಲಿಂದ.

"ಚಪ್ಪಲಿ ಎಲ್ಲಿ ಬಿಟ್ಟೆ?" ಎಂದು ಕೇಳುತ್ತಿದ್ದರು.

"ಚಾಪೆಯ ಅಂಚಲ್ಲಿ."

"ಮೂತಿ ಯಾವ ಕಡೆ?"

"ಮೇಷ್ಟ್ರೇ, ಚಪ್ಪಲಿ ಮೂತಿ ಯಾವ ಕಡೆ ಇದ್ರೆ ಏನು?"

"ನೋಡಿದ್ರೆ ಗೊತ್ತಿರತ್ತೆ. ಗೊತ್ತಿಲ್ಲ ಅಂದ್ರೆ ನೀನು ನೋಡ್ಲಿಲ್ಲ, ಬರೀ ಯೋಚನೆ ಮಾಡ್ದೆ. ಮತ್ತೆ ಮೊದಲಿಂದ."

ಹಾಗೆ ಮೊದಲಿಂದ. ಚಪ್ಪಲಿ, ಕಾಲಿಗೆ ತಣ್ಣಗೆ ತಾಗುವ ಚಾಪೆ, ಬೆಲ್ಟಿನ ಗಂಟು, ಎದುರು ನೀಲಿ ಅಂಗಿಯಲ್ಲಿ ಬೇಕರಿ, ಬಗ್ಗಿ ನಮಸ್ಕಾರ, ರೆಫರಿಯ ಕೂಗು. ಅವಳ ಕೈ ನನ್ನ ತೋಳಿಗೆ ಬರುವುದು, ಅವಳು ನನ್ನನ್ನು ಎಳೆದು ಕೆಡವುವುದು, ಕೊರಳಪಟ್ಟಿಯೊಳಗೆ ಕೈ, ನನ್ನ ಎರಡು ಕೈ ಭುಜಕ್ಕೆ, ಸೊಂಟಕ್ಕೆ. ಇಲ್ಲಿಯವರೆಗೆ ಎಲ್ಲ ಸರಿಯಾಗಿ ಕಾಣುತ್ತಿತ್ತು. ಹೊರಳಿಸುವ ಹೊತ್ತಿಗೆ ತಲೆಯೊಳಗಿನ ಕೈಯೂ ಎರಡು ಸಲ ತಟ್ಟುತ್ತಿತ್ತು.

ಪ್ರತಿ ಸಲವೂ ಹಾಗೇ ಆಗುತ್ತಿತ್ತು. ಮೊದಲ ವಾರದ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ: ಇಪ್ಪತ್ತೊಂದು ಸಲ ಆಡಿದೆ, ಇಪ್ಪತ್ತೊಂದು ಸಲ ತಟ್ಟಿದೆ. ಕಲ್ಪನೆಯಲ್ಲಿ ಕೂಡ ಗೆಲ್ಲಲಾಗದವಳು ಯಾರಾದರೂ ಇದ್ದಾಳೆಯೇ ಎಂದು ನಾಚಿಕೆಯಾಗಿ ಅದನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೆ. ಬೇಕಾದರೆ ಅಳಿಸಬಹುದು ಎಂದು.

ಅಮ್ಮ ಮತ್ತು ನಾನು ಒಂದೇ ಕೋಣೆಯಲ್ಲಿ ಮಲಗುವವರು. ಒಂದು ಬೆಳಿಗ್ಗೆ ಅಮ್ಮ ಚಹಾ ಲೋಟ ನನ್ನ ಮುಂದೆ ಕುಕ್ಕಿ ಇಟ್ಟಳು.

"ನೆನ್ನೆ ರಾತ್ರಿ ಏನು ಮಾಡ್ದೆ ಗೊತ್ತಾ? ನನ್ನ ಬೆನ್ನು ಎರಡು ಸಲ ತಟ್ಟಿದೆ. ಮಗಳಿಗೆ ಪ್ರೀತಿ ಉಕ್ಕಿ ಬಂತು ಅಂದ್ಕೊಂಡೆ. ಅಷ್ಟರಲ್ಲಿ ಸೊಂಟ ಹಿಡಿದು ಗೋಡೆ ಕಡೆಗೆ ಉರುಳಿಸಿಬಿಟ್ಟೆ."

"ಅಯ್ಯೋ. ಪೆಟ್ಟಾಯ್ತಾ?"

"ಮೂಗು ಗೋಡೆಗೆ ತಾಗಿತು. ನೋಡೇ, ನಾನಿನ್ನೂ ಹಾಸಿಗೆ ಹಿಡಿದಿಲ್ಲ. ಹಿಡಿದಾಗ ಹೇಳಿ ಕಳಿಸ್ತೀನಿ, ಆವಾಗ ಉರುಳಿಸುವಿಯಂತೆ."

ಅಮ್ಮ ನಗುತ್ತಿದ್ದಳು. ನಾನು ನನ್ನ ಎಡಗೈ ನೋಡಿಕೊಂಡು ಕೂತಿದ್ದೆ. ನಿದ್ದೆಯಲ್ಲೂ ತಟ್ಟುವ ಕೈ ನಾಲ್ಕು ನಿಮಿಷದ ಪಂದ್ಯದಲ್ಲಿ ಸುಮ್ಮನಿರುತ್ತದೆಯೇ?

ಎರಡನೆಯ ವಾರ ಮೇಷ್ಟ್ರು ಒಂದು ಹಳೆಯ ಕೀಲಿ ತಂದುಕೊಟ್ಟರು. ಯಾವ ಬೀಗಕ್ಕೂ ಹೊಂದದ, ಬೆರಳುದ್ದದ ಕಬ್ಬಿಣದ ಕೀಲಿ. "ಎಡಗೈಲಿ ಹಿಡಿ. ಕಣ್ಣು ಮುಚ್ಚಿದಾಗಲೂ, ಕೆಲಸ ಮಾಡೋವಾಗಲೂ. ಹಿಡಿದಿರೋ ಕೈ ತಟ್ಟಲ್ಲ. ಕೈ ಭುಜಕ್ಕೆ ಹೋದ ಕೂಡಲೇ ಬೆರಳು ಮುಚ್ಚಬೇಕು. ಬಟ್ಟೆ ಹಿಡಿಬೇಕು, ಅಷ್ಟೇ. ಕೈಗೆ ಹೊಸ ಪಾಠ ಕಲಿಸು."

"ವಾರ್ಡಲ್ಲೂನಾ?"

"ಕೈ ಒಂದೇ ಅಲ್ವಾ ನಿಂದು? ಆಸ್ಪತ್ರೆಗೊಂದು, ಜೂಡೊಗೊಂದು ಅಂತ ಇದೆಯಾ?"

ಇದರಲ್ಲಿ ಏನೋ ತಪ್ಪಿದೆ ಎಂದು ಅವತ್ತೇ ನನಗೆ ಅನಿಸಿತು. ಆದರೆ ಕೇಳಲಿಲ್ಲ. ವಾರ್ಡಿನಲ್ಲಿ ಎಡಗೈಯಲ್ಲಿ ಕೀಲಿ ಹಿಡಿದು, ಭುಜಕ್ಕೆ ಮುಂಗೈ ಒತ್ತಿ ಹೊರಳಿಸುವುದನ್ನು ರೂಢಿ ಮಾಡಿಕೊಂಡೆ. ತಟ್ಟುವ ಬದಲು ಬಾಯಲ್ಲಿ ಹೇಳುತ್ತಿದ್ದೆ: "ತಿರುಗಿಸ್ತೀನಿ ಅಜ್ಜಿ", "ತಿರುಗಿಸ್ತೀನಿ ಅಣ್ಣ". ಹೆಚ್ಚಿನವರಿಗೆ ಅಷ್ಟೇ ಸಾಕಾಗಿತ್ತು. ಏಳನೆಯ ಮಂಚದ ಅಜ್ಜನಿಗೆ ಮಾತ್ರ ಕಿವಿ ಕೇಳುವುದಿಲ್ಲ. ಮೊದಲು ಕೋಟು ಹೊಲಿಯುವ ದರ್ಜಿಯಾಗಿದ್ದವರು. ಅವರೊಬ್ಬರಿಗೆ ಕೀಲಿಯನ್ನು ಜೇಬಿಗೆ ಹಾಕಿ ಎರಡು ಸಲ ತಟ್ಟುತ್ತಿದ್ದೆ.

ನಾಲ್ಕನೆಯ ವಾರ ತಲೆಯೊಳಗಿನ ಪಂದ್ಯದಲ್ಲಿ ಕೈ ಒಂದೊಂದು ಸಲ ಸುಮ್ಮನಿರತೊಡಗಿತು. ಐದನೆಯ ವಾರ ಹತ್ತರಲ್ಲಿ ಏಳು ಸಲ. ಆರನೆಯ ವಾರದ ಬುಧವಾರ ಮೂರಕ್ಕೆ ಮೂರು ಸಲವೂ ಬೆರಳು ಮುಚ್ಚಿದವು, ಬೇಕರಿ ಹೊರಳಿದಳು, ನಾನು ಅವಳ ಮೇಲೆ ಕೂತು ಗೆಲುವಿಗೆ ಬೇಕಾದ ಇಪ್ಪತ್ತರವರೆಗೆ ಎಣಿಸಿದೆ. ನೋಟ್‌ಬುಕ್ಕಿನಲ್ಲಿ ಅದನ್ನು ಪೆನ್ನಿನಲ್ಲೇ ಬರೆದೆ. ಚಪ್ಪಲಿಯ ಮೂತಿ ಬಾಗಿಲ ಕಡೆ ಇತ್ತು ಎಂದೂ ಬರೆದೆ.

ಮರುದಿನ ಗುರುವಾರ. ಸ್ಪರ್ಧೆ ಶನಿವಾರ. ಬೆಳಗಿನ ಪಾಳಿ. ಹತ್ತು ಗಂಟೆಯ ಸುತ್ತಿನಲ್ಲಿ ನಾನು ಐದು, ಆರು ಮುಗಿಸಿ ಏಳನೆಯ ಮಂಚಕ್ಕೆ ಬಂದೆ. ಅಜ್ಜ ಗೋಡೆಗೆ ಮುಖ ಮಾಡಿ ಅರೆನಿದ್ದೆಯಲ್ಲಿದ್ದರು. ನನ್ನ ಕೈಯಲ್ಲಿ ಕೀಲಿ ಇರಲಿಲ್ಲ. ಅದು ಜೇಬಿನಲ್ಲೇ ಇತ್ತು. ಇದನ್ನು ನಾನು ಆಮೇಲೆ ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಎಡಗೈ ಭುಜಕ್ಕೆ ಹೋಯಿತು, ಬೆರಳು ಮುಚ್ಚಿದವು, ಅಂಗಿ ಹಿಡಿದವು, ನಾನು ತಿರುಗಿಸಿದೆ.

ಅಜ್ಜ ಕೂಗಿದರು. ಕೂಗು ದೊಡ್ಡದಾಗಿರಲಿಲ್ಲ. ನೀರಿಗೆ ಬಿದ್ದವರು ಮುಳುಗುವ ಮುಂಚೆ ಕೂಗುವ ಹಾಗಿತ್ತು. ಅವರ ಕೈ ಗಾಳಿಯಲ್ಲಿ ತಡಕಾಡಿ ಮಂಚದ ಕಂಬಿ ಹಿಡಿಯಿತು, ಮೊಣಕೈ ಕಂಬಿಗೆ ತರಚಿಕೊಂಡಿತು. ಮುದುಕರ ಚರ್ಮ ಒದ್ದೆ ಕಾಗದದ ಹಾಗೆ. ರಕ್ತ ಬಂತು.

ಸಿಸ್ಟರ್ ಓಡಿ ಬಂದರು. ಗಾಯ ಒರೆಸಿ ಪಟ್ಟಿ ಕಟ್ಟಿದರು. ಆಮೇಲೆ ನನ್ನನ್ನು ಬಟ್ಟೆ ಕಪಾಟಿನ ಹತ್ತಿರ ಕರೆದುಕೊಂಡು ಹೋದರು.

"ತಟ್ಟಿದ್ಯಾ?"

"ಇಲ್ಲ ಸಿಸ್ಟರ್."

"ಮರೆತೆಯಾ?"

ಹೌದು ಎಂದುಬಿಡಬಹುದಿತ್ತು. ಮರೆವಿಗೆ ಕ್ಷಮೆ ಇದೆ. "ಮರೆಯೋದನ್ನ ಅಭ್ಯಾಸ ಮಾಡಿದೆ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂದು ಗೊತ್ತಾಯಿತು. ಆರು ವಾರದ ಕತೆಯನ್ನೆಲ್ಲ ಹೇಳಿದೆ. ಸಿಸ್ಟರ್ ಮಡಿಸಿದ ಹೊದಿಕೆಗಳನ್ನು ಮತ್ತೆ ಮಡಿಸುತ್ತಾ ಕೇಳಿದರು.

"ನಿನ್ನ ಆಟ ನನಗೆ ಗೊತ್ತಾಗಲ್ಲ," ಎಂದರು. "ಆ ಅಜ್ಜ ನೆಲಕ್ಕೆ ಬಿದ್ದು ಮೂರು ದಿನ ಯಾರಿಗೂ ಗೊತ್ತಾಗದೆ ಇದ್ದವರು. ಒಂಟಿ ಮನೆ. ಅದಾದ ಮೇಲೆ ಇಲ್ಲಿಗೆ ಬಂದದ್ದು. ಅದು ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ.

ಹನ್ನೆರಡು ಗಂಟೆಯ ಸುತ್ತಿನಲ್ಲಿ ಅಜ್ಜ ಎಚ್ಚರವಾಗಿದ್ದರು. ನಾನು ಹತ್ತಿರ ಹೋದ ಕೂಡಲೇ ಅವರ ಕೈ ತಾನಾಗಿ ಕಂಬಿಗೆ ಹೋಯಿತು. ನಾನು ಅವರ ಮುಖದ ಎದುರು ಬಂದು ನಿಂತು, ಅಂಗೈ ಬಿಡಿಸಿ ತೋರಿಸಿ, ಭುಜದ ಮೇಲೆ ಎರಡು ಸಲ ತಟ್ಟಿದೆ. ಒಂದು ಉಸಿರು ಕಾದೆ. ಅವರ ಕೈ ಕಂಬಿ ಬಿಡಲಿಲ್ಲ. ಇನ್ನೊಂದು ಉಸಿರು ಕಾದೆ. ಆಮೇಲೆ ಒಂದೊಂದೇ ಬೆರಳು ಸಡಿಲವಾಯಿತು.

ಆ ದಿನ ಉಳಿದ ಸುತ್ತುಗಳಲ್ಲಿ ಹನ್ನೆರಡು ಮಂಚದವರಿಗೂ ತಟ್ಟಿದೆ. ಶುಕ್ರವಾರವೂ ತಟ್ಟಿದೆ. ಎಡಗೈ ಒಣಗಿದ ಗಿಡಕ್ಕೆ ನೀರು ಸಿಕ್ಕಿದ ಹಾಗೆ ಹಳೆಯ ಅಭ್ಯಾಸಕ್ಕೆ ಮರಳಿತು. ಶುಕ್ರವಾರ ಸಂಜೆ ಚಾಪೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಆಡಿದ ಐದು ಪಂದ್ಯಗಳಲ್ಲಿ ಐದು ಸಲವೂ ತಟ್ಟಿದೆ.

ಕೀಲಿಯನ್ನು ಮೇಷ್ಟ್ರಿಗೆ ವಾಪಸು ಕೊಟ್ಟೆ. ಆದದ್ದನ್ನು ಹೇಳಿದೆ.

"ನಾಳೆ ಪಂದ್ಯ ಇಟ್ಕೊಂಡು ಇವತ್ತು ಹೇಳ್ತಿದ್ದೀಯಲ್ಲಮ್ಮ," ಎಂದರು. ಸಿಟ್ಟು ಬಂದಿತ್ತು. "ಒಂದು ದಿನ ತಡೆದಿದ್ರೆ ಆಗ್ತಿರಲಿಲ್ವಾ? ಭಾನುವಾರದಿಂದ ತಟ್ಟಬಹುದಿತ್ತು."

"ಇವತ್ತು ಆ ಅಜ್ಜನ್ನ ಯಾರು ತಿರುಗಿಸ್ತಿದ್ರು ಮೇಷ್ಟ್ರೇ?"

ಅವರು ಕೀಲಿಯನ್ನು ಬೆರಳಲ್ಲಿ ತಿರುಗಿಸಿದರು. "ಕೆಲಸದಲ್ಲೂ ಹಿಡಿ ಅಂತ ಹೇಳಿದ್ದು ನಾನೇ," ಎಂದರು. "ಬೀಗ ಬಿಚ್ಚೋಕೆ ಹೋಗಿ ಬಾಗಿಲನ್ನೇ ಕಿತ್ತ ಹಾಗಾಯ್ತು."

"ಈಗ ಏನು ಮಾಡ್ಲಿ?"

"ಗೊತ್ತಿಲ್ಲ," ಎಂದರು.

ಅವರ ಬಾಯಲ್ಲಿ ಆ ಮಾತು ನಾನು ಅದೇ ಮೊದಲು ಕೇಳಿದ್ದು. 

ಬೂಟು ಕಟ್ಟಿಕೊಳ್ಳುತ್ತಿದ್ದ ಕಂಡಕ್ಟರ್ ತಲೆ ಎತ್ತದೆ ಹೇಳಿದಳು, "ನೋಡೇ, ನಾನು ದಿನಾ ಬಸ್ಸಿಗೆ ಎರಡು ಸಲ ತಟ್ತೀನಿ. ಡ್ರೈವರ್ ಬಿಟ್ಕೊಂಡು ಹೋಗ್ತಾನೆ. ಆದ್ರೆ ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಬೆನ್ನಿಗೆ ತಟ್ಟಿದ್ರೆ ಎದ್ದು ಓಡ್ತಾನಾ? ನಿನ್ನ ಕೈಗೆ ಅಷ್ಟೂ ಗೊತ್ತಾಗಲ್ವಾ?"

"ಹೋದ ವರ್ಷ ಗೊತ್ತಾಗಲಿಲ್ವಲ್ಲ."

"ಹೋದ ವರ್ಷ ನೀನು ಹೆದರಿದ್ದೆ."

ಅದೇ ಮಾತು. ಆರು ವಾರ ಸುತ್ತು ಹೊಡೆದು ಅಲ್ಲಿಗೇ ಬಂದು ನಿಂತಿದ್ದೆ.

ಶನಿವಾರ ಬೆಳಿಗ್ಗೆ ತೂಕಕ್ಕೆ ಏಳೂವರೆಗೆ ಇರಬೇಕಿತ್ತು. ಅರವತ್ತಮೂರು ಕಿಲೋ ದಾಟುವಂತಿಲ್ಲ. ಹಿಂದಿನ ಮಧ್ಯಾಹ್ನದಿಂದ ನೀರು ಕೂಡ ಗುಟುಕು ಗುಟುಕಾಗಿ ಕುಡಿದಿದ್ದೆ. ಅಮ್ಮ ಮುಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬ್ರೆಡ್ಡು ತಿನ್ನುತ್ತಿದ್ದಳು, ನನಗೆ ವಾಸನೆ ಬರಬಾರದೆಂದು. ಹೊರಡುವಾಗ ಬಂದು ಜೂಡೊ ಅಂಗಿಯ ಚೀಲ ಕೈಗೆ ಕೊಟ್ಟಳು.

"ಸೋತ್ರೆ ಸೋತು ಬಾ. ಹೋದ ವರ್ಷದ ಹಾಗೆ ತಿಂಗಳುಗಟ್ಟಲೆ ಮುಖ ಗಂಟು ಹಾಕ್ಕೊಂಡು ಕೂರಬೇಡ. ಮನೆಲಿ ಇರೋರೇ ಇಬ್ಬರು."

ತೂಕ ಅರವತ್ತೆರಡು ಕಿಲೋ ಒಂಬೈನೂರು ಗ್ರಾಂ. ಆಮೇಲೆ ಮೂರು ಗಂಟೆ ಕಾಯುವುದು. ಕ್ರೀಡಾಂಗಣದ ಒಳಗೆ ಮೂರು ಚಾಪೆಗಳಲ್ಲಿ ಒಟ್ಟಿಗೇ ಪಂದ್ಯಗಳು ನಡೆಯುತ್ತಿದ್ದವು. ಬೀಳುವ ಸದ್ದು, ರೆಫರಿಗಳ ಕೂಗು, ಧ್ವನಿವರ್ಧಕದಲ್ಲಿ ಅರ್ಥವಾಗದ ಹೆಸರುಗಳು. ನಾನು ಮೆಟ್ಟಿಲ ಕೆಳಗೆ, ಮಡಿಸಿದ ಕುರ್ಚಿಗಳ ಪಕ್ಕದಲ್ಲಿ ಜಾಗ ಹುಡುಕಿಕೊಂಡು ಕಣ್ಣು ಮುಚ್ಚಿದೆ. ಚಪ್ಪಲಿ. ಚಾಪೆ. ಬೆಲ್ಟು. ಬೇಕರಿ. ಹೊರಳಿಸುವ ಜಾಗಕ್ಕೆ ಬಂದಾಗ ಕಣ್ಣು ಬಿಟ್ಟೆ. ಮತ್ತೊಂದು ಸಲ ಸೋಲುವುದನ್ನು ನೋಡುವ ಧೈರ್ಯ ಇರಲಿಲ್ಲ.

ಕಣ್ಣು ಬಿಟ್ಟರೆ ಎದುರಿಗೆ ನಿಜವಾದ ಬೇಕರಿ. ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಅವಳ ತುಟಿ ಅಲುಗುತ್ತಿತ್ತು. ಅವಳೂ ಏನನ್ನೋ ಮೊದಲಿಂದ ಆಡುತ್ತಿದ್ದಳು. ನನ್ನನ್ನು ನೋಡಿ ತಲೆ ಆಡಿಸಿ, ದೂರ ಹೋದಳು.

ಮೇಷ್ಟ್ರು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ರಾತ್ರಿ ಯೋಚನೆ ಮಾಡ್ದೆ," ಎಂದರು. "ಕೈನ ನಿಲ್ಲಿಸೋಕೆ ಹೋಗಬೇಡ. ಒಂದು ವೇಳೆ ನಿಜವಾಗಿ ತಟ್ಟಬೇಕಾಗಿ ಬಂದ್ರೆ, ಕೈ ತಡ ಮಾಡಬಾರದು. ನಿನಗೆ ಮೊಣಕೈ ಬೇಕು. ಹನ್ನೆರಡು ಜನರನ್ನ ಎತ್ತೋ ಮೊಣಕೈ ಅದು. ಅದೊಂದು ನೆನಪಿಟ್ಕೋ. ಉಳಿದದ್ದು ಆದ ಹಾಗೆ ಆಗ್ಲಿ."

"ಇದು ಧೈರ್ಯ ಹೇಳೋ ರೀತಿನಾ ಮೇಷ್ಟ್ರೇ?"

"ಧೈರ್ಯ ನನ್ನ ಹತ್ರಾನೂ ಇಲ್ಲ," ಎಂದು ಎದ್ದು ಹೋದರು.

ನನ್ನ ಹೆಸರು ಕೂಗಿದರು.

ಚಪ್ಪಲಿಯನ್ನು ಚಾಪೆಯ ಅಂಚಿನಲ್ಲಿ ಬಿಟ್ಟೆ. ಮೂತಿ ಬಾಗಿಲ ಕಡೆ. ಅಷ್ಟು ಭಯದಲ್ಲೂ ಅದನ್ನು ನೋಡಿದೆ. ಬಗ್ಗಿ ನಮಸ್ಕಾರ. ರೆಫರಿಯ ಕೂಗು.

ಮೊದಲ ನಿಮಿಷ ಬರೀ ಹಿಡಿತಕ್ಕಾಗಿ ಜಗ್ಗಾಟ. ಅವಳ ಮುಂಗೈ ಹೋದ ವರ್ಷಕ್ಕಿಂತ ಗಟ್ಟಿಯಾಗಿತ್ತು. ನನ್ನ ತೋಳು ಅವಳ ಕೈಗೆ ಸಿಕ್ಕಿದರೆ ಬಿಡಿಸಿಕೊಳ್ಳಲು ಮೂರು ಸಲ ಕೊಡವಬೇಕಾಗುತ್ತಿತ್ತು. ಎರಡನೆಯ ನಿಮಿಷದಲ್ಲಿ ಅವಳು ಒಳಗೆ ನುಗ್ಗಿ ನನ್ನ ಕಾಲು ತಪ್ಪಿಸಿದಳು. ಓರೆಯಾಗಿ ಬಿದ್ದೆ, ಪೂರ್ತಿ ಬೆನ್ನು ತಾಗಲಿಲ್ಲ, ಅಂಕ ಇಲ್ಲ. ಆದರೆ ಅವಳು ಮೇಲೆ ಬಂದಿದ್ದಳು. ಅವಳ ಕೈ ನನ್ನ ಕೊರಳಪಟ್ಟಿಯೊಳಗೆ ಇಳಿಯಿತು.

ಮೂಗಿಗೆ ಅವಳ ಅಂಗಿಯ ಸೋಪಿನ ವಾಸನೆ ಬಂತು. ನನ್ನ ಎಡಗೈ ಅವಳ ಭುಜದ ಹಿಂದೆ ಹೋಗಿತ್ತು. ಬಲಗೈ ಬೆಲ್ಟಿನಲ್ಲಿ. ಅವಳ ಭಾರ ಒಂದು ಕಡೆಗೆ ವಾಲಿತ್ತು. ಎಲ್ಲ ಅದೇ. ಭಯ ಇತ್ತು, ಅದೂ ಅದೇ.

ಅಂಗೈ ಎದ್ದಿತು. ಬಿತ್ತು.

ಒಂದು.

ರೆಫರಿ ಬಗ್ಗಿದ್ದು ಕಾಣಿಸಿತು. ಅವರ ಬಿಳಿ ಕಾಲುಚೀಲ ನನ್ನ ಕಣ್ಣಿನ ಪಕ್ಕಕ್ಕೆ ಬಂದು ನಿಂತಿತು. ಅಂಗೈ ಎರಡನೆಯದಕ್ಕೆ ಮತ್ತೆ ಎದ್ದಿತ್ತು. ಅದನ್ನು ತಡೆಯುವುದು ನನ್ನಿಂದ ಆಗುವುದಿಲ್ಲ ಎಂದು ನನಗೆ ಆ ಕ್ಷಣ ಖಾತ್ರಿಯಾಗಿ ಗೊತ್ತಿತ್ತು. ತಡೆಯಲು ಹೋಗಲಿಲ್ಲ. ಬಾಯಿ ಬಿಟ್ಟೆ.

"ತಿರುಗಿಸ್ತೀನಿ," ಎಂದೆ.

ಬೇಕರಿಯ ಕಿವಿಯ ಹತ್ತಿರವೇ ಹೇಳಿದೆ. ಅವಳು ಒಂದು ಕ್ಷಣ ತಬ್ಬಿಬ್ಬಾಗಿರಬೇಕು. ಹೇಳಿಯಾದ ಮೇಲೆ ಕೈಗೆ ತಟ್ಟುವ ಅಗತ್ಯ ಇರಲಿಲ್ಲವೇನೋ. ಅದು ಅಂಗಿ ಹಿಡಿಯಿತು. ಕಾಲು ಊರಿದೆ, ಎತ್ತಿದೆ, ಅವಳು ಹೊರಳಿದಳು. ನಾನು ಮೇಲೆ ಬಂದು ಎದೆಯಿಂದ ಎದೆ ಒತ್ತಿ ಹಿಡಿದೆ.

ಇಪ್ಪತ್ತು ಎಣಿಸುವವರೆಗೆ ಹಿಡಿದಿಟ್ಟರೆ ಪೂರ್ತಿ ಗೆಲುವು, ಹತ್ತು ದಾಟಿದರೆ ಅರ್ಧ. ಹದಿನಾಲ್ಕಕ್ಕೆ ಅವಳು ಸೊಂಟ ಎಗರಿಸಿ ತಪ್ಪಿಸಿಕೊಂಡಳು. ಅರ್ಧ ಅಂಕ ನನ್ನದು. ಮೇಲಿನ ಸಾಲಿನಿಂದ ಕಂಡಕ್ಟರ್ ಧ್ವನಿ ಕೇಳಿಸಿತು, "ಹೋಗ್ಲಿ ಹೋಗ್ಲಿ, ನಿಲ್ಲಿಸಬೇಡ."

ನಿಂತು ಆಡಿದ ಒಂದೂವರೆ ನಿಮಿಷದಲ್ಲಿ ನಾನು ಬರೀ ಹಿಂದೆ ಸರಿದೆ. ಅದಕ್ಕೆ ರೆಫರಿ ಎಚ್ಚರಿಕೆ ಕೊಟ್ಟರು. ಗಡಿಯಾರದಲ್ಲಿ ಇಪ್ಪತ್ತಾರು ಸೆಕೆಂಡು ಉಳಿದಿತ್ತು. ಹಾಗೆ ನೋಡಬಾರದಿತ್ತು. ನೋಡಿದ ಕ್ಷಣದಲ್ಲೇ ಅವಳು ನನ್ನನ್ನು ಕೆಳಗೆಳೆದು, ನನ್ನ ಬಲಗೈಯನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿ, ಹಿಂದಕ್ಕೆ ಒರಗಿದಳು.

ಎಡಗೈಯಿಂದ ನನ್ನ ಬಲಗೈಯನ್ನೇ ಹಿಡಿದುಕೊಂಡು ಸ್ವಲ್ಪ ಹೊತ್ತು ತಡೆದೆ. ಹಿಟ್ಟು ನಾದುವ ಕೈ ಒಂದೊಂದೇ ಬೆರಳು ಬಿಡಿಸಿತು. ಮೊಣಕೈ ನೇರವಾಯಿತು. ಆಮೇಲೆ ನೇರಕ್ಕಿಂತ ಸ್ವಲ್ಪ ಹೆಚ್ಚು. ಒಳಗೆ ಹಗ್ಗ ಜಗ್ಗಿದ ಹಾಗೆ ಏನೋ ಬಿಗಿಯಿತು.

ತಲೆ ಓರೆಯಾಗಿ ಬಿದ್ದಿದ್ದರಿಂದ ಗಡಿಯಾರ ಕಾಣುತ್ತಿತ್ತು. ಹನ್ನೊಂದು. ಹನ್ನೊಂದು ಸೆಕೆಂಡು ತಡೆದರೆ ನಾನು ಗೆದ್ದೆ. ಒಂದು ವರ್ಷದ ಮುಳ್ಳು ಕಿತ್ತು ಹೋಗುತ್ತದೆ. ಹತ್ತು. ಯಾರೂ ಇನ್ನು ಮೇಲೆ ಹೆದರಿ ಬಿಟ್ಟವಳು ಎನ್ನುವುದಿಲ್ಲ. ಕಂಬಿ ಬಿಡದ ಅಜ್ಜನ ಬೆರಳುಗಳು ಕಣ್ಣ ಮುಂದೆ ಬಂದವು. ಸೋಮವಾರ ಆ ಭುಜಕ್ಕೆ ಒಂದು ಕೈ, ಸೊಂಟಕ್ಕೆ ಇನ್ನೊಂದು ಕೈ ಬೇಕು. ಒಂಬತ್ತು.

ತಟ್ಟಿದೆ.

ಎಡಗೈಯಿಂದ ಅವಳ ಕಾಲಿನ ಮೇಲೆ, ಜೋರಾಗಿ, ಬೇಗಬೇಗ, ನಾಲ್ಕೋ ಐದೋ ಸಲ. ಎಣಿಸಲಿಲ್ಲ. ಹೊಟ್ಟೆಯಾಳದಿಂದ ಬಂತು ಅದು. ಬಾಯಲ್ಲೂ ಏನೋ ಸದ್ದು ಬಂತು. ತಟ್ಟುತ್ತಿರುವವಳು ನಾನೇ ಎಂದು ಮೈಯೆಲ್ಲ ಗೊತ್ತಿತ್ತು.

ಅವಳು ಕೂಡಲೇ ಬಿಟ್ಟಳು. ರೆಫರಿ ಅವಳ ಕಡೆಗೆ ಕೈ ತೋರಿಸಿದರು. ನಾನು ಚಾಪೆಯ ಮೇಲೆ ಅಂಗಾತ ಮಲಗಿ ಮೇಲಿನ ದೀಪಗಳನ್ನು ನೋಡುತ್ತಿದ್ದೆ. ಅಳು ಬರಬೇಕಿತ್ತು. ಬಿಟ್ಟುಕೊಡುವುದು ಎಂದರೆ ಇದು, ಎಂದಷ್ಟೇ ಅನಿಸಿತು. ಹೀಗೆ ನಾನು ಇದುವರೆಗೆ ಒಂದು ಸಲವೂ ತಟ್ಟಿರಲಿಲ್ಲ.

ಬೆಂಚಿನ ಮೇಲೆ ಮೊಣಕೈಗೆ ಮಂಜುಗಡ್ಡೆ ಕಟ್ಟಿಕೊಂಡು ಕೂತಿದ್ದಾಗ ಬೇಕರಿ ಬಂದಳು. ಅವಳಿಗೆ ಇನ್ನೊಂದು ಸುತ್ತು ಇತ್ತು. ಆದರೂ ಪಕ್ಕದಲ್ಲಿ ಕೂತಳು.

"ಮೊಣಕೈ ಹೇಗಿದೆ?"

"ಇದೆ. ಕೆಲಸ ಮಾಡತ್ತೆ."

"ನೀನು ಬೇಗ ತಟ್ಟಿದ್ದು ಒಳ್ಳೇದಾಯ್ತು. ನಾನೂ ಗಡಿಯಾರ ನೋಡ್ತಿದ್ದೆ, ಇನ್ನೂ ಜಗ್ಗಿಬಿಡ್ತಿದ್ದೆ." ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು. "ಒಂದು ಕೇಳ್ಲಾ? ಹೋದ ವರ್ಷ ಯಾಕೆ ತಟ್ಟಿದೆ? ನಾನು ಏನೂ ಹಿಡಿದೇ ಇರಲಿಲ್ಲ. ಕೈ ಹಾಕಿದ್ದೆ ಅಷ್ಟೇ. ಗೆದ್ದೆ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ, ಆದ್ರೆ ಒಳಗೆ ಒಂಥರಾ ಇತ್ತು. ಇವಳು ಬೇಕಂತಲೇ ಬಿಟ್ಟಳಾ ಅಂತ."

"ನಿನ್ನ ಮಗ್ಗುಲು ಬದಲಿಸೋಣ ಅಂತ ತಟ್ಟಿದೆ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ನಾನು ವಾರ್ಡಿನ ವಿಷಯ ಹೇಳಿದೆ. ನಂಬುತ್ತಾಳೋ ಇಲ್ಲವೋ ಎಂದು ನಡುನಡುವೆ ಅನುಮಾನ ಬಂತು. ಕೊನೆಗೆ ಮಾತು ಸಾಲದೆ, ಎಡಗೈಯನ್ನು ಅವಳ ಭುಜದ ಹಿಂದೆ ಇಟ್ಟು ಎರಡು ಸಲ ತಟ್ಟಿ ತೋರಿಸಿದೆ.

"ಹೂಂ," ಎಂದಳು. "ಹೋದ ವರ್ಷದ್ದು ಇದೇ. ಇವತ್ತು ಕೊನೆಗೆ ತಟ್ಟಿದ್ದು ಬೇರೆ ಇತ್ತು."

"ಬೇರೆ ಇತ್ತಾ?"

"ಪೂರ್ತಿ ಬೇರೆ. ನನ್ನ ಕಾಲು ಇನ್ನೂ ಉರೀತಿದೆ." ಅವಳು ಎದ್ದಳು. "ಮತ್ತೆ ನನ್ನ ಕಿವೀಲಿ ತಿರುಗಿಸ್ತೀನಿ ಅಂದದ್ದು? ರೆಫರಿ ಹೇಳಿದ್ದು ಅಂದ್ಕೊಂಡೆ."

ಕಂಡಕ್ಟರ್ ಎರಡು ಬಾಳೆಹಣ್ಣು ಹಿಡಿದುಕೊಂಡು ಮೆಟ್ಟಿಲಿಳಿದು ಬರುತ್ತಿದ್ದಳು. ಮೇಷ್ಟ್ರು ಅವಳ ಹಿಂದೆ ನನ್ನ ಚಪ್ಪಲಿ ಹಿಡಿದುಕೊಂಡು ಬಂದರು. ಬೇಕರಿ ಜಾಗ ಬಿಟ್ಟು ಸರಿದಳು. ಮೇಷ್ಟ್ರು ಚಪ್ಪಲಿಯನ್ನು ನನ್ನ ಕಾಲ ಬಳಿ ಇಟ್ಟು, "ಮುಂದಿನ ವಾರ ಹಿಡಿತ ಬಿಡಿಸೋದು ಅಭ್ಯಾಸ ಮಾಡ್ಬೇಕು," ಎಂದರು. ನಾನು ಹೂಂ ಎಂದೆ. ಸೋಮವಾರ ಬೇಡ, ಸಂಜೆಯ ಪಾಳಿ ಇದೆ, ಮಂಗಳವಾರದಿಂದ ಬರುತ್ತೇನೆ ಎಂದೆ.